ಸ್ನಾರ್ಕೆಲ್ ಹಾಕಿಸಿದರೆ ಕಾರು ಈಜುತ್ತಾ?

ಹೋದ ಸಲ ಏರ್ ಫಿಲ್ಟರ್ ಬಗ್ಗೆ ಬರೆಯುವಾಗ ಸ್ನಾರ್ಕೆಲ್, ಅಂದರೆ ಇಂಜಿನ್‌ಗೆ ಸೂರಿನ ಮಟ್ಟದಿಂದ ಗಾಳಿ ತರುವ ಕೊಳವೆ, ಅಂತ ಒಂದು ಮಾತು ಬಂದು ಹೋಗಿತ್ತು, ಅಷ್ಟೇ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೇ ಇವೆ. ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನನ್ನದು ಆಲ್ ವೀಲ್ ಡ್ರೈವ್ ಕಾರು, 2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, ಗ್ರೌಂಡ್ ಕ್ಲಿಯರೆನ್ಸ್ 220 ಮಿಲಿಮೀಟರ್. ತಿಂಗಳಿಗೆ ಒಂದೆರಡು ಸಲ ಮಣ್ಣು ರಸ್ತೆ, ಹಳ್ಳ ದಾಟುವ ದಾರಿ ಇರುವ ಕಡೆ ಹೋಗುತ್ತೇನೆ. ಸ್ನಾರ್ಕೆಲ್ ಹಾಕಿಸಿಬಿಡು, ಬಾನೆಟ್ ಮುಳುಗಿದರೂ ಗಾಡಿ ನಿಲ್ಲಲ್ಲ ಅಂತ ಸ್ನೇಹಿತ ಹೇಳುತ್ತಾನೆ. ಹೊಸ ಗಾಡಿಗೆ ತೂತು ಹೊಡೆಸಬೇಡಿ ಅಂತ ಹೆಂಡತಿ ಹೇಳುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮನೆಯವರ ಮಾತೇ ಕೇಳಿ. ಸ್ನೇಹಿತರ ಮಾತಲ್ಲಿ ಅರ್ಧ ನಿಜ ಇದೆ, ಆ ಅರ್ಧ ಏನು ಅಂತ ನೋಡೋಣ.

ಇಂಜಿನ್ ಉಸಿರಾಡಲು ಒಂದು ಬಾಯಿ ಇರುತ್ತದೆ. ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯಿಂದ ಮುಂದಕ್ಕೆ ಹೋಗುವ ಪ್ಲಾಸ್ಟಿಕ್ ಕೊಳವೆಯನ್ನು ಕೈಯಿಂದ ತಡವುತ್ತಾ ಹೋಗಿ. ನಿಮ್ಮಂಥ ಕಾರುಗಳಲ್ಲಿ ಅದು ಸಾಮಾನ್ಯವಾಗಿ ರೇಡಿಯೇಟರ್ ತಲೆ ಮೇಲೆ, ಗ್ರಿಲ್ ಹಿಂದೆ ಕೊನೆಯಾಗುತ್ತದೆ. ಕೆಲವದರಲ್ಲಿ ಹೆಡ್‌ಲೈಟ್ ಪಕ್ಕ ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್ ಒಳಗೆ ನುಗ್ಗಿರುತ್ತದೆ. ಆ ಬಾಯಿಯ ಕೆಳತುಟಿ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪ್ ಹಿಡಿದು ಅಳೆಯಿರಿ. ನೀರು ಅಲ್ಲಿ ಮುಟ್ಟಿದರೆ ಕಥೆ ಮುಗಿಯಿತು. ನಿಂತ ನೀರಲ್ಲ, ಗಾಡಿ ಮುಂದೆ ಹೋಗುವಾಗ ಬಂಪರ್ ಎದುರು ಏಳುವ ಅಲೆಯ ಲೆಕ್ಕ ಇದು.

ಕಥೆ ಹೇಗೆ ಮುಗಿಯುತ್ತದೆ ಅಂದರೆ, ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗಲ್ಲ. ನಿಮ್ಮದು ನಾಲ್ಕು ಸಿಲಿಂಡರ್ ಇದ್ದರೆ ಒಂದೊಂದು 500 ಸಿಸಿ. ಕಂಪ್ರೆಷನ್ 10ಕ್ಕೆ 1, ಅಂದರೆ ಒಳಗಿನ ಗಾಳಿಯನ್ನು ಪಿಸ್ಟನ್ ಹತ್ತನೇ ಒಂದು ಪಾಲು ಜಾಗಕ್ಕೆ ಅದುಮುತ್ತದೆ ಅಂತ ಇಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 55 ಸಿಸಿ. 17ಕ್ಕೆ 1 ಇರುವ ಡೀಸೆಲ್ ಇಂಜಿನ್‌ನಲ್ಲಾದರೆ ಬರೀ 31. ಕೆಮ್ಮಿನ ಸಿರಪ್ ಜೊತೆ 10 ಎಂಎಲ್ ಮುಚ್ಚಳ ಕೊಡುತ್ತಾರಲ್ವಾ, ಒಂದು ಸಿಸಿ ಅಂದರೆ ಒಂದು ಎಂಎಲ್, ಹಾಗಾಗಿ ಅದರಲ್ಲಿ ಮೂರು ಮುಚ್ಚಳ, ಮೇಲೆ ಚೂರು. ಅದಕ್ಕಿಂತ ಜಾಸ್ತಿ ನೀರು ಒಂದು ಸಿಲಿಂಡರ್ ಒಳಗೆ ಹೋದರೆ ಮೇಲೆ ಬರುತ್ತಿರುವ ಪಿಸ್ಟನ್‌ಗೆ ಹೋಗಲು ಜಾಗವೇ ಇಲ್ಲ. ಏನಾದರೂ ಬಗ್ಗಲೇಬೇಕು. ಸಾಮಾನ್ಯವಾಗಿ ಬಗ್ಗುವುದು ಪಿಸ್ಟನ್ ಅನ್ನು ಕೆಳಗಿನ ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್.

ಸ್ನಾರ್ಕೆಲ್ ಮಾಡುವ ಕೆಲಸ ಒಂದೇ, ಆ ಬಾಯಿಯನ್ನು ಗ್ರಿಲ್ ಹಿಂದಿನಿಂದ ಎತ್ತಿ ಸೂರಿನ ಮಟ್ಟಕ್ಕೆ ಒಯ್ಯುವುದು. ಸ್ನೇಹಿತರು ಹೇಳಿದ ಅರ್ಧ ನಿಜ ಇದು. ಉಳಿದ ಅರ್ಧ ಏನಂದರೆ, ಬಾಯಿ ಮೇಲೆ ಹೋಯಿತು, ಗಾಡಿ ಮಾತ್ರ ಇದ್ದಲ್ಲೇ ಇದೆ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್, ರೇಡಿಯೇಟರ್ ಫ್ಯಾನ್, ಫ್ಯೂಸ್ ಬಾಕ್ಸ್, ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಕಪ್ಲಿಂಗ್ ಮತ್ತು ಅದರ ವೈರು, ಬಾಗಿಲ ರಬ್ಬರು, ಎಲ್ಲ ಮೊದಲು ಎಲ್ಲಿದ್ದವೋ ಅಲ್ಲೇ. ಆಮೇಲೆ ತೇಲುವ ವಿಷಯ. ಕ್ಯಾಬಿನ್ ಮತ್ತು ಡಿಕ್ಕಿಯ ತಳ ಸುಮಾರು 5 ಚದರ ಮೀಟರ್ ಅಂದುಕೊಳ್ಳಿ. ಒಳಗೆ ನೀರು ತುಂಬುವವರೆಗೆ, ತಳದಿಂದ ಮೇಲೆ ಏರುವ ಪ್ರತಿ 10 ಸೆಂಟಿಮೀಟರ್ ನೀರು ಗಾಡಿಯನ್ನು 500 ಕಿಲೋದಷ್ಟು ಮೇಲಕ್ಕೆ ನೂಕುತ್ತದೆ. 1,600 ಕಿಲೋ ಗಾಡಿಗೆ 32 ಸೆಂಟಿಮೀಟರ್ ಸಾಕು, ದೋಣಿ ಆಗಿಬಿಡುತ್ತದೆ. ಅದಕ್ಕೂ ಮುಂಚೆಯೇ ಟೈರಿನ ಹಿಡಿತ ಹೋಗಿರುತ್ತದೆ. ಹರಿಯುವ ನೀರಾದರೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗಿ ಏನು ಪ್ರಯೋಜನ, ಚಕ್ರ ನೆಲ ಮುಟ್ಟಿದರೆ ತಾನೇ? ಎರಡು ಅಡಿ ಹರಿಯುವ ನೀರು ದೊಡ್ಡ ಎಸ್‌ಯುವಿಗಳನ್ನೂ ಎಳೆದುಕೊಂಡು ಹೋಗುತ್ತದೆ.

ಕಂಪನಿಯವರು ಕೊಡುವ ನೀರಿನ ಆಳದ ಅಂಕಿ ಬಾಯಿ ಎಲ್ಲಿದೆ ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ, ಇಡೀ ಗಾಡಿಯನ್ನು ನೋಡಿ ಕೊಟ್ಟದ್ದು. ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ, ಏರ್ ಸಸ್ಪೆನ್ಷನ್ ಇದ್ದರೆ, 900 ಮಿಲಿಮೀಟರ್ ಅಂತಾರೆ. ಫೋರ್ಡ್ ರೇಂಜರ್‌ಗೆ 800. ಎರಡೂ ಸ್ನಾರ್ಕೆಲ್ ಇಲ್ಲದೆಯೇ. ನಿಮ್ಮ ಗಾಡಿಯ ಅಂಕಿ ಕೈಪಿಡಿಯಲ್ಲಿ ಇರುತ್ತದೆ. ಸ್ನಾರ್ಕೆಲ್ ಹಾಕಿಸಿದ ಮಾತ್ರಕ್ಕೆ ಅದು ಒಂದು ಮಿಲಿಮೀಟರ್ ಕೂಡ ಜಾಸ್ತಿ ಆಗಲ್ಲ.

ಹಾಗಾದರೆ ಇದು ದಂಡವಾ? ಇಲ್ಲ. ನನ್ನ ಕೇಳಿದರೆ ಸ್ನಾರ್ಕೆಲ್ ಇರುವುದು ನೀರಿಗಿಂತ ಜಾಸ್ತಿ ಧೂಳಿಗೆ. ಮುಂದೊಂದು ಗಾಡಿ, ಹಿಂದೆ ನೀವು, ಇಡೀ ದಿನ ಮಣ್ಣು ರಸ್ತೆ. ಚಕ್ರ ಎಬ್ಬಿಸುವ ಧೂಳು ಗ್ರಿಲ್ ಮಟ್ಟದಲ್ಲಿ ಗೋಡೆ ಕಟ್ಟಿದ ಹಾಗೆ ಇರುತ್ತದೆ, ಸೂರಿನ ಹತ್ತಿರ ತೆಳು. ಅಲ್ಲಿಂದ ಗಾಳಿ ತೆಗೆದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳಲ್ಲ. ನೀರಿನಲ್ಲಿ ಅದು ಕಾಪಾಡುವುದು ನಿಮ್ಮ ತಪ್ಪಿನಿಂದ. ಮೊಣಕಾಲು ನೀರು ಅಂದುಕೊಂಡು ಇಳಿದಿರಿ, ಮಧ್ಯೆ ಒಂದು ಗುಂಡಿ, ಮೂಗು ಮುಳುಗಿ ಬಾನೆಟ್ ಮೇಲೆ ಅಲೆ ಹತ್ತಿತು. ಆ ಎರಡು ಸೆಕೆಂಡಿಗೆ ಸ್ನಾರ್ಕೆಲ್ ಬೇಕು.

ನೀವು ತಿಂಗಳಿಗೆ ಒಂದೆರಡು ಸಲ ಹೋಗುವವರು. ಮೊದಲು ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್‌ನ ಬ್ರೀದರ್ ನೋಡಿಸಿ. ಡಿಫರೆನ್ಷಿಯಲ್ ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ, ಬ್ರೀದರ್ ಅಂದರೆ ಅಂಥ ಡಬ್ಬಿಯ ಗಾಳಿ ಒಳಗೆ ಹೊರಗೆ ಆಡುವ ಸಣ್ಣ ಕಿಂಡಿ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ನೀರಿನೊಳಗಿದ್ದರೆ ಅಲ್ಲಿಂದ, ಅದು ಕಟ್ಟಿಕೊಂಡಿದ್ದರೆ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಗಾಡಿ ಆರಾಮಾಗಿ ದಾಟಿರುತ್ತದೆ, ನೀವು ಖುಷಿಯಾಗಿ ಮನೆಗೆ ಬಂದಿರುತ್ತೀರಿ, ತಿಂಗಳು ಕಳೆದು ಆಯಿಲ್ ತೆಗೆದರೆ ಹಾಲು ಬೆರೆಸಿದ ಬಣ್ಣ. ಬ್ರೀದರ್‌ಗೆ ಒಂದು ಉದ್ದ ಟ್ಯೂಬ್ ಸೇರಿಸಿ ಮೇಲಕ್ಕೆ ಒಯ್ದರೆ ಮುಗಿಯಿತು. ಇದಕ್ಕೆ ಯಾವ ತೂತೂ ಬೇಡ, ಮನೆಯವರೂ ಒಪ್ಪುತ್ತಾರೆ.

ಪ್ರಶ್ನೆ: ಕಿಟ್ ತರಿಸಿದ್ದೇನೆ. ಡ್ರಿಲ್ ಇದೆ, ಒಂದು ಭಾನುವಾರ ಇದೆ. ನಾನೇ ಹಾಕಿಕೊಳ್ಳಬಹುದಾ?

ಉತ್ತರ: ಹಾಕಬಹುದು, ಆದರೆ ಒಂದು ಭಾನುವಾರ ಸಾಲಲ್ಲ. ಶನಿವಾರವೂ ಬೇಕು, ಯಾಕಂದರೆ ಮಧ್ಯೆ ಬಣ್ಣ ಒಣಗಬೇಕು.

ಮೊದಲು ಡ್ರಿಲ್ ದೂರ ಇಡಿ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ, ಫೆಂಡರ್ ಹಿಂದೆ ಏನಿದೆ ಅಂತ ಟಾರ್ಚ್ ಬಿಟ್ಟು ನೋಡಿ. ವೈರಿನ ಕಟ್ಟು, ಗಾಜು ತೊಳೆಯುವ ನೀರಿನ ಟ್ಯಾಂಕು, ಹಾರ್ನ್, ಏನು ಬೇಕಾದರೂ ಇರಬಹುದು. ಆಮೇಲೆ ಫೆಂಡರ್ ಪೂರ್ತಿ ಮಾಸ್ಕಿಂಗ್ ಟೇಪ್ ಹಚ್ಚಿ, ಕಿಟ್ ಜೊತೆ ಬಂದ ಕಾಗದದ ಅಚ್ಚು ಅಂಟಿಸಿ. ಅಚ್ಚನ್ನು ನಂಬಿ ಸೀದಾ ಕೊರೆಯಬೇಡಿ. ಸ್ನಾರ್ಕೆಲ್ ಅನ್ನೇ ಇಟ್ಟು ನೋಡಿ, ಬಾನೆಟ್ ತೆಗೆದು ಹಾಕಿ ನೋಡಿ, ಬಾಗಿಲು ಪೂರ್ತಿ ತೆರೆದು ನೋಡಿ. ಬಾಗಿಲಿನ ಮೂಲೆ ಕೊಳವೆಗೆ ತಾಗುತ್ತದೆ ಅಂತ ತೂತು ಹೊಡೆದ ಮೇಲೆ ಗೊತ್ತಾದರೆ ಯಾರನ್ನು ಬೈಯುತ್ತೀರಿ?

3 ಮಿಲಿಮೀಟರ್ ಬಿಟ್‌ನಿಂದ ಮೊದಲು ಸಣ್ಣ ತೂತು. ಆಮೇಲೆ ಹೋಲ್ ಸಾ, ಅಂದರೆ ದುಂಡು ತೂತು ಕತ್ತರಿಸುವ ಗರಗಸದ ಬಿಟ್. ದೊಡ್ಡ ತೂತನ್ನು ಬೇಕಾದ್ದಕ್ಕಿಂತ ಚೂರು ಚಿಕ್ಕದಾಗಿಯೇ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗಲ್ಲ. ಕಬ್ಬಿಣದ ಪುಡಿ ಬಿದ್ದಿರುತ್ತದಲ್ಲ, ಅದನ್ನು ಅಂದೇ ಎತ್ತಿಬಿಡಿ, ಸಂದಿಗೊಂದಿಯಲ್ಲಿ ಅಯಸ್ಕಾಂತ ಆಡಿಸಿ. ರಾತ್ರಿಯ ತೇವಕ್ಕೆ ತುಕ್ಕು ಹಿಡಿದು ಬೆಳಿಗ್ಗೆ ಬಣ್ಣದ ಮೇಲೆ ಕಂದು ಚುಕ್ಕೆ ಕೂತಿರುತ್ತವೆ. ಕತ್ತರಿಸಿದ ಅಂಚಿಗೆ ತುಕ್ಕು ತಡೆಯುವ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ. ಈ ಕೆಲಸ ಹಾರಿಸುವವರೇ ಜಾಸ್ತಿ, ಯಾಕಂದರೆ ಸ್ನಾರ್ಕೆಲ್ ಕೂತ ಮೇಲೆ ಅಂಚು ಯಾರ ಕಣ್ಣಿಗೂ ಬೀಳಲ್ಲ. ತುಕ್ಕಿಗೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ.

ಗಾಜಿನ ಪಕ್ಕದ ಎ ಪಿಲ್ಲರ್‌ಗೆ ಬ್ರಾಕೆಟ್ ರಿವೆಟ್ ಮಾಡುವಾಗ ನಿಜವಾಗಿ ಹೆದರಿಕೊಳ್ಳಿ. ಅದರ ಒಳಗೆ ವೈರು ಇರುತ್ತದೆ, ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಭಾಗವೂ ಇರಬಹುದು. ಒಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡದೆ ಕೊರೆಯಲೇಬೇಡಿ. ಕೊರೆಯುವಾಗ ಬಿಟ್‌ನ ತುದಿಯಿಂದ ಎಷ್ಟು ಒಳಗೆ ಹೋಗಬೇಕೋ ಅಷ್ಟು ಬಿಟ್ಟು ಟೇಪ್ ಸುತ್ತಿ, ಅದಕ್ಕಿಂತ ಮುಂದೆ ಹೋಗುವುದು ಬೇಡ. ಏರ್‌ಬ್ಯಾಗ್ ವಿಷಯದಲ್ಲಿ ಸ್ವಲ್ಪ ಅನುಮಾನ ಇದ್ದರೂ ಈ ಭಾಗ ಬಲ್ಲವರ ಕೈಗೆ ಕೊಡಿ.

ಇನ್ನು ನಿಜವಾದ ಕೆಲಸ. ಹೊರಗೆ ಕಾಣುವ ಕೊಳವೆ ಸುಲಭದ ಭಾಗ. ಫೆಂಡರ್ ಒಳಗೆ ಸ್ನಾರ್ಕೆಲ್‌ನ ಬುಡ ಬಂದು ಫಿಲ್ಟರ್ ಡಬ್ಬಿಗೆ ಸೇರುತ್ತದಲ್ಲ, ಆ ಜೋಡಣೆಯೇ ಎಲ್ಲ. ರಬ್ಬರ್ ಹೋಸ್ ಮೇಲೆ ಎರಡೂ ಕಡೆ ಕ್ಲಾಂಪ್ ಬಿಗಿಯಾಗಿರಬೇಕು. ಹಳೆಯ ಬಾಯಿಯನ್ನು ಪೂರ್ತಿ ಮುಚ್ಚಬೇಕು. ಕೊಳವೆಗೆ ಅಂಟಿಕೊಂಡಂತೆ ರೆಸೋನೇಟರ್ ಅಂತ ಒಂದು ಖಾಲಿ ಡಬ್ಬಿ ಇರುತ್ತದೆ, ಶಬ್ದ ಕಡಿಮೆ ಮಾಡಲು. ಅದಕ್ಕೂ ಎಷ್ಟೋ ಸಲ ತಳದಲ್ಲಿ ತೂತು ಇರುತ್ತದೆ. ಸಂದಿಗೆ ಸೀಲಂಟ್ ಹಚ್ಚುವಾಗ ಮೂಗಿಗೆ ಹುಳಿ ವಾಸನೆ ಬಡಿಯುವ ಸಿಲಿಕೋನ್ ಬೇಡ. ಅದು ಒಣಗುವಾಗ ಆಮ್ಲ ಬಿಡುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಪಾಲಿಯುರೆಥೇನ್ ಸೀಲಂಟ್ ಒಳ್ಳೆಯದು.

ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ ಕಿಟ್ ಅಲ್ಲದೆ ಎಲ್ಲದಕ್ಕೂ ಆಗುತ್ತೆ ಅನ್ನುವ ಕಿಟ್ ತಂದಿದ್ದರೆ, ಕೊಳವೆಯ ಒಳಗಾತ್ರ ಕಂಪನಿ ಕೊಳವೆಗಿಂತ ಸಣ್ಣದಿದೆಯಾ ನೋಡಿ. 2 ಲೀಟರ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ ಸುಮಾರು 3,000 ಲೀಟರ್ ಗಾಳಿ ಎಳೆಯುತ್ತದೆ. ಅದನ್ನು ಸ್ಟ್ರಾದಲ್ಲಿ ಕುಡಿಯಲು ಹೇಳಬೇಡಿ. ಮತ್ತೆ, ವಾರಂಟಿ, ಇನ್ಶೂರೆನ್ಸ್, ನೋಂದಣಿ ನಿಯಮ ಈ ಮೂರನ್ನೂ ತೂತು ಹೊಡೆಯುವ ಮುಂಚೆ ವಿಚಾರಿಸಿ, ಆಮೇಲಲ್ಲ.

ಪ್ರಶ್ನೆ: ಹಾಕಿಸಿ ಆಯ್ತು. ನೀರು ಒಳಗೆ ಹೋಗಲ್ಲ ಅಂತ ಹೇಗೆ ನಂಬಲಿ? ಹಾಕಿದವರು ಪಕ್ಕಾ ಸರ್ ಅಂತಾರೆ.

ಉತ್ತರ: ನನಗೂ ಪಕ್ಕಾ ಸರ್ ಅಂತಲೇ ಹೇಳಿದ್ದರು. ಯಾರು ಎಲ್ಲಿ ಅನ್ನುವುದು ಬೇಡ. ಹಾಕಿಸಿ ಎರಡು ವಾರಕ್ಕೆ ಒಂದು ಹಳ್ಳ ದಾಟಿದೆ, ಬಂಪರ್ ಮೇಲೆ ಒಂದು ಗೇಣು ನೀರು ಇದ್ದಿರಬಹುದು. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಆಚೆ ದಡದಲ್ಲಿ ಸುಮ್ನೆ ಕುತೂಹಲಕ್ಕೆ ಫಿಲ್ಟರ್ ಡಬ್ಬಿ ಬಿಚ್ಚಿದೆ. ಫಿಲ್ಟರ್‌ನ ಕೆಳಗಿನ ಮಡಿಕೆಗಳು ಒದ್ದೆ. ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ಕೆಸರು ನೀರು, ಪಕ್ಕದ ಗೋಡೆ ಮೇಲೆ ಕೆಂಪು ಮಣ್ಣಿನ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ತಳ ತಡವಿದರೆ ಬೆರಳಿಗೆ ಸಿಕ್ಕಿತು. ಡಬ್ಬಿಗೆ ಬಿದ್ದ ನೀರು ಹೊರಹೋಗಲಿ ಅಂತ ಕಂಪನಿಯವರೇ ಇಟ್ಟ ತೂತು, ಅದರ ರಬ್ಬರ್ ನಾಲಗೆ ಗಟ್ಟಿಯಾಗಿ ಅರ್ಧ ತೆರೆದು ನಿಂತಿತ್ತು. ಮೇಲೆ ಸೂರಿನ ಮಟ್ಟದಲ್ಲಿ ಅಷ್ಟು ದೊಡ್ಡ ಬಾಯಿ, ಕೆಳಗೆ ಕಿರುಬೆರಳು ಹೋಗುವಷ್ಟು ತೂತು. ಇಂಜಿನ್‌ಗೆ ಎರಡೂ ಬಾಯಿಯೇ. ಸ್ನಾರ್ಕೆಲ್‌ನ ನಿಜವಾದ ಎತ್ತರ ಅಂದರೆ ಅದರ ಅತ್ಯಂತ ಕೆಳಗಿನ ತೂತಿನ ಎತ್ತರ ಅಂತ ನನಗೆ ಅರ್ಥ ಆದದ್ದು ಅವತ್ತು.

ಪರೀಕ್ಷೆ ಸುಲಭ. ಗಾಡಿ ನ್ಯೂಟ್ರಲ್‌ನಲ್ಲೋ ಪಾರ್ಕ್‌ನಲ್ಲೋ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಸುಮ್ನೆ ಓಡುತ್ತಿರಲಿ. ಸ್ನಾರ್ಕೆಲ್‌ನ ತಲೆ ಕಳಚಿ, ಆ ಬಾಯಿಗೆ ದಪ್ಪ ರಬ್ಬರ್ ಹಾಳೆ ಇಟ್ಟಿರುವ ಹಲಗೆ ತುಂಡೊಂದನ್ನು ಒತ್ತಿ ಹಿಡಿಯಿರಿ. ಬಟ್ಟೆ, ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಎಳೆದುಕೊಂಡರೆ ಇನ್ನೊಂದು ತಾಪತ್ರಯ. ಅಂಗೈ ಕೂಡ ಬೇಡ. ಕೆಲವೇ ಸೆಕೆಂಡಿನಲ್ಲಿ ಇಂಜಿನ್ ಉಸಿರುಕಟ್ಟಿ ಆಫ್ ಆಗಬೇಕು. ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಲೇ ಇದ್ದರೆ ಗಾಳಿ ಬೇರೆ ಎಲ್ಲಿಂದಲೋ ಬರುತ್ತಿದೆ. ಕೈ ತೆಗೆಯಿರಿ, ಹಠ ಮಾಡಿ ಹಿಡಿದುಕೊಂಡಿರಬೇಡಿ, ಎಕ್ಸಿಲರೇಟರ್ ಅಂತೂ ಒತ್ತಲೇಬೇಡಿ, ಡಬ್ಬಿ ಒಳಕ್ಕೆ ಕುಸಿಯಬಹುದು. ಎಲ್ಲಿಂದ ಸೋರುತ್ತಿದೆ ಅಂತ ಹುಡುಕಲು ಗ್ಯಾರೇಜ್‌ನಲ್ಲಿ ಹೊಗೆ ಬಿಟ್ಟು ನೋಡುವ ಯಂತ್ರ ಇರುತ್ತದೆ. ಸಂದಿಯಿಂದ ಹೊಗೆ ಎಳೆ ಎಳೆಯಾಗಿ ಬರುವುದು ಕಣ್ಣಿಗೇ ಕಾಣುತ್ತದೆ. ಅನುಮಾನ ಮೊದಲು ಬರಬೇಕಾದ್ದು ಡಬ್ಬಿಯ ಮುಚ್ಚಳದ ಮೇಲೆ. ಎಷ್ಟೋ ಕಾರುಗಳಲ್ಲಿ ಆ ಮುಚ್ಚಳ ಕ್ಲಿಪ್‌ನಲ್ಲಿ ಕೂರುತ್ತದೆ, ಸಾಮಾನ್ಯವಾಗಿ ಅದರ ರಬ್ಬರ್ ಮಾಡಿರುವುದು ಧೂಳು ತಡೆಯಲು, ನೀರಿನ ಒತ್ತಡ ತಡೆಯಲು ಅಲ್ಲ.

ಪರೀಕ್ಷೆ ಒಂದು ಸಲ ಪಾಸಾದರೆ ಜೀವಮಾನಕ್ಕೆ ಸಾಕಾಗಲ್ಲ. ಫಿಲ್ಟರ್ ಬದಲಿಸಿದಾಗಲೆಲ್ಲ ಮತ್ತೆ ಮಾಡಿ. ಸರ್ವಿಸ್‌ನಲ್ಲಿ ಒಂದು ಕ್ಲಿಪ್ ಸರಿಯಾಗಿ ಕೂರದಿದ್ದರೆ ಎಲ್ಲ ಹೋಯಿತು.

ಪ್ರಶ್ನೆ: ಸ್ನಾರ್ಕೆಲ್ ಹಾಕಿದರೆ ಪವರ್ ಮತ್ತು ಮೈಲೇಜ್ ಜಾಸ್ತಿ ಆಗುತ್ತಂತೆ, ಎದುರು ಗಾಳಿ ಒಳಗೆ ನುಗ್ಗುವುದರಿಂದ. ಹೌದಾ? ಮಳೆ ನೀರು ನುಗ್ಗಲ್ವಾ?

ಉತ್ತರ: ಲೆಕ್ಕ ಮಾಡಿಯೇ ಬಿಡೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿ ಕೊಡುವ ಒತ್ತಡ ಹೆಚ್ಚೆಂದರೆ 460 ಪ್ಯಾಸ್ಕಲ್ ಆಸುಪಾಸು. ವಾತಾವರಣದ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗೂ ಸ್ವಲ್ಪ ಜಾಸ್ತಿ. ಅಂದರೆ ಅರ್ಧ ಪರ್ಸೆಂಟ್ ಕೂಡ ಸಿಗಲ್ಲ. ಕೊಳವೆ ಉದ್ದ ಆಗಿ, ತಿರುವು ಜಾಸ್ತಿ ಆಗಿ, ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುವ ಗಾಡಿಯಾದರೆ ತಣ್ಣನೆ ಗಾಳಿಯಿಂದ ಚೂರು ಲಾಭ ಇರಬಹುದು. ಆದರೆ ಇವತ್ತಿನ ಹೆಚ್ಚಿನ ಕಾರುಗಳು ಗ್ರಿಲ್ ಹತ್ತಿರದಿಂದ ತಣ್ಣನೆ ಗಾಳಿಯನ್ನೇ ತೆಗೆದುಕೊಳ್ಳುತ್ತವೆ. ಖಂಡಿತ ಜಾಸ್ತಿ ಆಗುವುದು ಕಿಟಕಿ ಪಕ್ಕದ ಶಬ್ದ. ಟರ್ಬೊದ ಶಿಳ್ಳೆ ಕಿವಿಗೆ ಹತ್ತಿರ ಬರುತ್ತದೆ. ಕೆಲವರು ಅದಕ್ಕೇ ಹಾಕಿಸುತ್ತಾರೆ, ಒಪ್ಪಿಕೊಳ್ಳಲ್ಲ.

ಮಳೆಗೆ ಹೆದರಬೇಡಿ. ಒಳ್ಳೆಯ ಸ್ನಾರ್ಕೆಲ್ ತಲೆಯೊಳಗೆ ಹನಿಗಳು ಗೋಡೆಗೆ ಬಡಿದು, ಹಿಂದಿನ ಸೀಳುಗಳಿಂದ ಹೊರಗೆ ಇಳಿಯುವ ಏರ್ಪಾಡು ಇರುತ್ತದೆ. ಆ ಸೀಳುಗಳಲ್ಲಿ ಕಸ ಕಟ್ಟದ ಹಾಗೆ ನೋಡಿಕೊಳ್ಳಿ. ಹಿಮ ಬೀಳುವ ಕಡೆ ಓಡಿಸುವವರು ತಲೆಯನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಧೂಳು ವಿಪರೀತ ಇರುವ ಕಡೆಗೆ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ಬಟ್ಟಲಲ್ಲಿ ಬೀಳಿಸುವ ತಲೆಗಳು ಸಿಗುತ್ತವೆ.

ಪ್ರಶ್ನೆ: ಸ್ನಾರ್ಕೆಲ್ ಹಾಕಿಸಿದ ಮೂರನೇ ದಿನಕ್ಕೆ ಚೆಕ್ ಇಂಜಿನ್ ಲೈಟ್ ಬಂತು. ಸ್ಕ್ಯಾನರ್‌ನಲ್ಲಿ ಪಿ0171 ತೋರಿಸುತ್ತಿದೆ. ಬಿಚ್ಚಿಸಲಾ?

ಉತ್ತರ: ಈಗಲೇ ಬೇಡ. ಆ ಕೋಡ್ ಅಂದರೆ ಇಂಜಿನ್‌ಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗುತ್ತಿದೆ ಅಂತ. ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಒಳಗೆ ಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುತ್ತದೆ. ಡಬ್ಬಿ ಬಿಚ್ಚಿ ಹಾಕುವಾಗ ಸೆನ್ಸರ್ ಆದಮೇಲೆ ಇಂಜಿನ್ ಕಡೆ ಹೋಗುವ ಹೋಸ್ ಸಡಿಲ ಆಗಿದ್ದರೆ ಅಳತೆಗೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಮೊದಲು ಆ ಕ್ಲಾಂಪ್ ನೋಡಿ, ಸೆನ್ಸರ್ ಪ್ಲಗ್ ಸರಿಯಾಗಿ ಕೂತಿದೆಯಾ ನೋಡಿ, ಫಿಲ್ಟರ್ ಓರೆಯಾಗಿ ಕೂತಿದೆಯಾ ನೋಡಿ. ಇವೆಲ್ಲ ಸರಿ ಇದ್ದೂ ಲೈಟ್ ಮತ್ತೆ ಬಂದರೆ ಹೊಸ ಕೊಳವೆಯ ತಿರುವಿನಿಂದ ಸೆನ್ಸರ್ ಮೇಲೆ ಗಾಳಿ ಸುಳಿಯಾಗಿ ಬೀಳುತ್ತಿರಬಹುದು, ಎಲ್ಲದಕ್ಕೂ ಆಗುವ ಕಿಟ್‌ಗಳಲ್ಲಿ ಇದು ಆಗುತ್ತದೆ. ಸೆನ್ಸರ್ ತಂತಿಯನ್ನು ಬೆರಳಿಂದ ಒರೆಸಬೇಡಿ, ಕೂದಲಿಗಿಂತ ನಾಜೂಕು ಅದು.

ಪ್ರಶ್ನೆ: ಒಳಗೆ ಜೋಡಿಸದೆ, ತೂತು ಹೊಡೆಯದೆ ಬರೀ ಅಂದಕ್ಕೆ ಅಂಟಿಸುವ ಸ್ನಾರ್ಕೆಲ್ ಸಿಗುತ್ತದೆ. ತಪ್ಪೇನು?

ಉತ್ತರ: ನಿಮಗೆ ಗೊತ್ತಿರುವವರೆಗೆ ತಪ್ಪಿಲ್ಲ. ಗಾಡಿಯನ್ನು ಬೇರೆಯವರಿಗೆ ಓಡಿಸಲು ಕೊಡುವಾಗ, ಮಾರುವಾಗ ಮರೆಯದೆ ಹೇಳಿ. ಅದನ್ನು ನಂಬಿ ಅವರು ನೀರಿಗೆ ಇಳಿದುಬಿಟ್ಟಾರು.

ಪ್ರಶ್ನೆ: ಈ ಹೆಸರು ಎಲ್ಲಿಂದ ಬಂತು?

ಉತ್ತರ: ಜಲಾಂತರ್ಗಾಮಿಗಳಿಂದ. ನೀರೊಳಗೇ ಇದ್ದುಕೊಂಡು ಡೀಸೆಲ್ ಇಂಜಿನ್ ಓಡಿಸಲು ಮೇಲಕ್ಕೆ ಚಾಚುವ ಕೊಳವೆಯನ್ನು ಡಚ್ಚರು ತಮ್ಮ ಜಲಾಂತರ್ಗಾಮಿಗಳಿಗೆ ಹಾಕಿದ್ದರು. 1940ರಲ್ಲಿ ಅವು ಜರ್ಮನರ ಕೈಗೆ ಸಿಕ್ಕವು, ಆಮೇಲೆ ಅವರೂ ತಮ್ಮ ಯು-ಬೋಟ್‌ಗಳಿಗೆ ಅಳವಡಿಸಿಕೊಂಡರು. ಹೆಸರೂ ಜರ್ಮನ್ ಭಾಷೆಯದೇ. ಹಾಗಂತ ನಿಮ್ಮ ಕಾರು ಜಲಾಂತರ್ಗಾಮಿ ಅಲ್ಲ.

ಪ್ರಶ್ನೆ: ನೀರಿನ ಮಧ್ಯೆ ಗಾಡಿ ಆಫ್ ಆಗಿಬಿಟ್ಟರೆ ಏನು ಮಾಡಬೇಕು? ಸ್ನಾರ್ಕೆಲ್ ಇದೆ, ಹಾಗಾಗಿ ಮತ್ತೆ ಸ್ಟಾರ್ಟ್ ಮಾಡಬಹುದು ತಾನೇ?

ಉತ್ತರ: ಸೆಲ್ಫ್ ಹೊಡೆಯಬೇಡಿ. ಸ್ನಾರ್ಕೆಲ್ ಇರಲಿ, ಬಿಡಲಿ. ಯಾಕೆ ಆಫ್ ಆಯಿತು ಅಂತ ನಿಮಗೆ ಗೊತ್ತಿಲ್ಲ. ನೀರು ಎಳೆದುಕೊಂಡು ಆಫ್ ಆಗಿದ್ದರೆ ಈಗ ರಾಡ್ ಇನ್ನೂ ನೆಟ್ಟಗಿರಬಹುದು, ಕೀ ತಿರುಗಿಸಿದ ಮೇಲೆ ಬಗ್ಗಬಹುದು. ನೀರು ಏರುತ್ತಿದ್ದರೆ ಗಾಡಿ ಯೋಚನೆ ಬಿಟ್ಟು ಮೊದಲು ಜನ ಹೊರಗೆ ಬನ್ನಿ. ಇಲ್ಲವಾದರೆ ಎಳೆಸಿ ದಡಕ್ಕೆ ತನ್ನಿ, ಫಿಲ್ಟರ್ ಡಬ್ಬಿ ಬಿಚ್ಚಿ. ಒಳಗೆ ಒಣಗಿದ್ದರೆ ಅರ್ಧ ಉಸಿರು ಬಿಡಿ, ತೊಂದರೆ ವೈರಿಂಗ್ ಕಡೆ ಇರಬಹುದು. ಒದ್ದೆ ಇದ್ದರೆ ಪೆಟ್ರೋಲ್ ಗಾಡಿಯಲ್ಲಿ ಎಲ್ಲ ಸ್ಪಾರ್ಕ್ ಪ್ಲಗ್, ಡೀಸೆಲ್ ಗಾಡಿಯಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆಸಿ, ಇಂಧನ ಬರದ ಹಾಗೆ ಮಾಡಿಸಿ, ಆಮೇಲೆ ಮೆಕ್ಯಾನಿಕ್ ಇಂಜಿನ್ ತಿರುಗಿಸಲಿ. ನೀರು ತೂತಿನಿಂದ ಚಿಮ್ಮಿ ಬರುತ್ತದೆ, ಮುಖ ಆ ಕಡೆ ಇಟ್ಟು ಬಗ್ಗಬೇಡಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬೆಳ್ಳಗೆ ಕಲಕಿದ ಹಾಗಿದ್ದರೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಮುಂದಿನ ಸಲ ನೀರಿಗೆ ಇಳಿಯುವ ಮುಂಚೆ ಎರಡು ಬಟನ್ ಒತ್ತಿ. ಒಂದು ಸ್ಟಾರ್ಟ್-ಸ್ಟಾಪ್ ಆಫ್ ಮಾಡುವುದು, ನೀರಿನ ಮಧ್ಯೆ ಕ್ಷಣ ನಿಂತಿರಿ ಅಂತ ಗಾಡಿ ತಾನಾಗಿಯೇ ಇಂಜಿನ್ ಆರಿಸಿದರೆ ಸೈಲೆನ್ಸರ್ ಕಡೆಯಿಂದ ನೀರು ನುಗ್ಗಬಹುದು. ಇನ್ನೊಂದು ಎಸಿ. ಎಸಿ ಓಡುತ್ತಿದ್ದರೆ ರೇಡಿಯೇಟರ್ ಫ್ಯಾನ್ ನೀರಿನಲ್ಲೇ ತಿರುಗಿ, ರೆಕ್ಕೆ ಬಗ್ಗಿ ರೇಡಿಯೇಟರ್‌ಗೆ ತಾಗಬಹುದು. ಫಸ್ಟ್ ಗೇರ್, ನಡೆಯುವಷ್ಟು ವೇಗ, ಮಧ್ಯೆ ಗೇರ್ ಬದಲಿಸಬೇಡಿ. ಆಚೆ ದಡ ಹತ್ತಿದ ಮೇಲೆ ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟು ಸ್ವಲ್ಪ ದೂರ ಹೋಗಿ, ಒದ್ದೆ ಪ್ಯಾಡ್ ಒಣಗಲಿ.